ವ್ಯಾನ್ ಒಳಗೆ ಯಾವ ಎಲ್‌ಇಡಿ ಹಾಕಿಸಬೇಕು?

ಚಿಕ್ಕಮಗಳೂರು ಕಡೆ ಟಿಟಿಯನ್ನ (ಟೆಂಪೋ ಟ್ರಾವೆಲರ್ ವ್ಯಾನ್) ಮನೆ ಥರ ಮಾಡಿಸ್ತಿರೋರು ದಯವಿಟ್ಟು ಲೈಟ್ ಡಬ್ಬಿ ಮೇಲಿನ ‘ಕೆ’ ಸಂಖ್ಯೆ (ಕೆಲ್ವಿನ್, ಬೆಳಕಿನ ಬಣ್ಣ ಹೇಳೋ ಅಳತೆ) ನೋಡಿ ತಗೊಳ್ಳಿ. ಸಂಖ್ಯೆ ಕಮ್ಮಿ ಇದ್ದಷ್ಟೂ ಬೆಳಕು ಹಳದಿ. ನಾವು ಮೊದಲು 6500ಕೆ ಹಾಕಿಸಿದ್ವಿ. ಮಳೆಗಾಲದ ರಾತ್ರಿ ಕೆಮ್ಮಣ್ಣುಗುಂಡಿ ಹತ್ತಿರ ಊಟಕ್ಕೆ ಕೂತರೆ ಆಸ್ಪತ್ರೆ ವಾರ್ಡ್‌ನಲ್ಲಿ ಕೂತ ಹಾಗೆ. ತಟ್ಟೆಯಲ್ಲಿದ್ದ ಅಕ್ಕಿರೊಟ್ಟಿ, ಕೆಂಪು ಚಟ್ನಿ ಕೂಡ ಸಪ್ಪೆ ಬಣ್ಣಕ್ಕೆ ತಿರುಗಿದಂತೆ ಕಾಣೋದು. ಈಗ 2700ಕೆ ಹಾಕಿದೀವಿ. ಮರದ ಹಲಗೆ, ಕಂಬಳಿ ಎಲ್ಲ ಬೆಚ್ಚಗೆ ಕಾಣುತ್ತೆ, ಕಣ್ಣಿಗೂ ಹಿತ. ಒಲೆ ಹತ್ತಿರ ಮಾತ್ರ 4000ಕೆ ಇರಲಿ, ತರಕಾರಿ ಹೆಚ್ಚೋಕೆ ಅನುಕೂಲ. ಸಿಆರ್‌ಐ (ಬೆಳಕಲ್ಲಿ ಬಣ್ಣ ಎಷ್ಟು ಸರಿಯಾಗಿ ಕಾಣುತ್ತೆ ಅಂತ 100ಕ್ಕೆ ಕೊಡೋ ಅಂಕ) 90ರ ಮೇಲಿದ್ದರೆ ಬಣ್ಣ ಇದ್ದ ಹಾಗೇ ಕಾಣುತ್ತೆ, ಸ್ವಲ್ಪ ದುಬಾರಿಯಾದ್ರೂ ಅದನ್ನೇ ಕೇಳಿ.

ಇನ್ನೊಂದು ವಿಷಯ. 12 ವೋಲ್ಟ್ ಬ್ಯಾಟರಿ ಅಂದ್ರೂ ಇಂಜಿನ್ ಓಡುವಾಗ 14 ದಾಟುತ್ತೆ. ಬರೀ 12 ವೋಲ್ಟ್‌ಗೆ ಮಾಡಿದ ಅಗ್ಗದ ಎಲ್‌ಇಡಿ ಸ್ಟ್ರಿಪ್ (ಪಟ್ಟಿ ಲೈಟ್) ಬಿಸಿಯಾಗಿ ಬೇಗ ಹೋಗಿಬಿಡುತ್ತೆ. 10ರಿಂದ 30 ವೋಲ್ಟ್ ತಡೆಯೋದು ಸಿಗುತ್ತೆ, ಅದು ವಾಸಿ. ಪ್ಲಸ್ ವೈರಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿಸದೆ ಬಿಡಬೇಡಿ. ಎಲ್ಲ ಒಟ್ಟಿಗೆ ತರೋ ಮುಂಚೆ ಒಂದೇ ಲೈಟ್ ತಂದು, ಕತ್ತಲಾದ ಮೇಲೆ ಒಳಗೆ ಉರಿಸಿ ನೋಡಿ.