ನಾರು ಸೇರಿಸಿದ ರಬ್ಬರ್ ಪಟ್ಟಿಯನ್ನು ಎಳೆದು ಅಳೆಯುವುದು ಹೇಗೆ

ಎಳೆಯುವ ಯಂತ್ರ ಶುರುವಾದ ಕೂಡಲೇ ಎಲ್ಲರ ಕಣ್ಣೂ ಬಲದ ಅಂಕಿಯ ಮೇಲೆ. ನನ್ನ ಕಣ್ಣು ಮಾತ್ರ ನಾರಿನ ಕೋನದ ಮೇಲೆ. ರಬ್ಬರ್ ದುಪ್ಪಟ್ಟು ಉದ್ದವಾಗಲೂ ತಯಾರು. ನೈಲಾನ್ ಎಳೆ ಅಷ್ಟು ಹಿಗ್ಗುವ ಮುಂಚೆಯೇ ಹರಿಯುತ್ತದೆ, ಉಕ್ಕಿನ ಎಳೆಯಂತೂ ಹಿಗ್ಗುವುದೇ ಇಲ್ಲ ಅನ್ನಬಹುದು. ಹಾಗಾಗಿ ಓರೆಯಾಗಿರುವ ನಾರು ತಿರುಗುತ್ತದೆ. ದೊಡ್ಡ ಹಿಗ್ಗಿನ ಕತೆಯೆಲ್ಲ ಆ ತಿರುಗುವಿಕೆಯಲ್ಲೇ ಇದೆ.

ಮೊದಲು ಪಟ್ಟಿ ಕತ್ತರಿಸುವ ಲೆಕ್ಕ. ನಾರು ಎಳೆಯುವ ದಿಕ್ಕಿಗೆ 20 ಡಿಗ್ರಿ ಓರೆಯಿದ್ದರೆ, ಒಂದು ಅಂಚಿನಿಂದ ಇನ್ನೊಂದು ಅಂಚು ತಲುಪುವಷ್ಟರಲ್ಲಿ ಅದು ಅಗಲದ 2.75 ಪಟ್ಟು ಉದ್ದ ಸಾಗಿರುತ್ತದೆ. ಪಟ್ಟಿ ಅದಕ್ಕಿಂತ ಗಿಡ್ಡವಾದರೆ ಕೆಲವು ನಾರುಗಳು ಎರಡೂ ಹಿಡಿಗಳಿಗೆ ಸಿಕ್ಕಿಕೊಳ್ಳುತ್ತವೆ. ಆಗ ಸಿಗುವ ಅಂಕಿ ಬರೀ ನಾರಿನದು. 25 ಮಿ.ಮೀ. ಅಗಲಕ್ಕೆ ನಾನು ಹಿಡಿಗಳ ನಡುವೆ 150 ಮಿ.ಮೀ. ಬಿಡುತ್ತೇನೆ. ಜಾಸ್ತಿ ಆಯಿತು ಅನ್ನುವವರಿದ್ದಾರೆ, ಅನ್ನಲಿ.

ನಡುವೆ ಬಿಳಿ ಪೆನ್ನಿನಲ್ಲಿ ಒಂದು ಚೌಕ ಬರೆಯಿರಿ, ನಾರಿನ ಗುಂಟ ಒಂದು ಗೆರೆ ಎಳೆಯಿರಿ. ಎದುರಿಗೆ ಕ್ಯಾಮೆರಾ ಇಡಿ. ಅಂಚಿನ ಹತ್ತಿರ ಅಳೆಯಬೇಡಿ. ಕತ್ತರಿಸಿದ ನಾರಿನ ತುದಿ ಭಾರ ಹೊರುವುದಿಲ್ಲ.

ಕಾರ್ಬನ್ ಬ್ಲ್ಯಾಕ್ (ಮಸಿಯಂಥ ಕರಿಪುಡಿ) ಬೆರೆತ ರಬ್ಬರ್ ಮೊದಲ ಎಳೆತಕ್ಕೆ ಗಟ್ಟಿ, ಎರಡನೆಯದಕ್ಕೆ ಮೆತ್ತಗೆ. ಇದೇ ಮಲ್ಲಿನ್ಸ್ ಪರಿಣಾಮ. ನಿಮಗೆ ಬೇಕಾದ ಗರಿಷ್ಠ ಹಿಗ್ಗಿನವರೆಗೆ ಕೆಲವು ಸಲ ಎಳೆದು ಬಿಡಿ, ವಕ್ರರೇಖೆ ಒಂದೇ ಜಾಗದಲ್ಲಿ ನಿಂತ ಮೇಲೆ ದಾಖಲಿಸಿ.

ಈಗ ನನಗೆ ಇಷ್ಟವಾದ ಭಾಗ. ಒಂದರ ಮೇಲೊಂದು ಎರಡು ಪದರ, ನಾರು ಒಂದರಲ್ಲಿ ಬಲಕ್ಕೆ 45, ಇನ್ನೊಂದರಲ್ಲಿ ಎಡಕ್ಕೆ 45 ಡಿಗ್ರಿ. ನಾರು ಹಿಗ್ಗುವುದೇ ಇಲ್ಲ ಅಂದುಕೊಳ್ಳಿ. ಉದ್ದವನ್ನು 1.3 ಪಟ್ಟು ಮಾಡಿದರೆ ನಾರು 23 ಡಿಗ್ರಿಗೆ ತಿರುಗುತ್ತದೆ, ಅಗಲ 0.56 ಪಟ್ಟಿಗೆ ಕುಗ್ಗುತ್ತದೆ. ರಬ್ಬರಿನ ಗಾತ್ರ (ಉದ್ದ × ಅಗಲ × ದಪ್ಪ) ಹೆಚ್ಚುಕಡಿಮೆ ಬದಲಾಗುವುದಿಲ್ಲ ಅಲ್ವಾ? ಹಾಗಾದರೆ ದಪ್ಪ 1.38 ಪಟ್ಟು ಆಗಲೇಬೇಕು. ಎಳೆದಷ್ಟೂ ದಪ್ಪವಾಗುವ ಪಟ್ಟಿ! ಉದ್ದ 1.41 ಪಟ್ಟು ತಲುಪುವಾಗ ನಾರು ನೆಟ್ಟಗಾಗಿಬಿಡುತ್ತದೆ, ದಾರಿ ಅಲ್ಲಿಗೆ ಮುಗಿಯಿತು. ನಿಜವಾದ ಪಟ್ಟಿ ಇಷ್ಟು ದೂರ ಹೋಗದು, ಅಂಚಿನಲ್ಲಿ ಪದರ ಬಿಡತೊಡಗುತ್ತದೆ. ಆದರೂ ದಪ್ಪವನ್ನು ಅಳೆಯದೆ ಬಿಡಬೇಡಿ. ಸುಮ್ನೆ ಸಾಮಾನ್ಯ ರಬ್ಬರಿನಂತೆ ದಪ್ಪವೂ ಅಗಲದಷ್ಟೇ ಕುಗ್ಗಿತು ಅಂದುಕೊಂಡು ಅಡ್ಡಕೊಯ್ತದ (ಅಗಲ × ದಪ್ಪ) ಲೆಕ್ಕ ಹಾಕಿದರೆ ಒತ್ತಡದ ಅಂಕಿ ತಪ್ಪುತ್ತದೆ.

ಕಂಪ್ಯೂಟರ್ ಮಾದರಿಗೆ ಹೋಗುವಾಗ ಅದರ ಸೂತ್ರದಲ್ಲಿ ರಬ್ಬರಿಗೊಂದು ಪದ, ನಾರಿಗೊಂದು ಪದ ಸಾಕು. ನಾರಿನ ಪದ ಅದು ಹಿಗ್ಗಿದಾಗ ಮಾತ್ರ ಕೆಲಸ ಮಾಡಲಿ. ಒತ್ತಿದರೆ ತೆಳ್ಳನೆಯ ಎಳೆ ಬಾಗಿಕೊಳ್ಳುತ್ತದೆ, ಭಾರ ತಡೆಯುವುದಿಲ್ಲ. ಬಲದ ರೇಖೆ ಹೊಂದಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಮಾದರಿ ಹೇಳುವ ಕೋನ, ಅಗಲ, ದಪ್ಪ ಮೂರನ್ನೂ ಫೋಟೋ ಮತ್ತು ಅಳತೆಗಳ ಪಕ್ಕ ಇಟ್ಟು ನೋಡಿ.