384 ಫಾರ್ಮು ಹೊತ್ಕೊಂಡು ಹತ್ತು ದಿನದ ಕೋರ್ಸಿಗೆ ಹೋಗಿದ್ದು

ನಾನು ಹಾಸನದಲ್ಲಿ ಡಿಗ್ರಿ ಕಾಲೇಜಲ್ಲಿ ಸೋಶಿಯಾಲಜಿ ಗೆಸ್ಟ್ ಲೆಕ್ಚರರ್, ಜೊತೆಗೆ ಪಾರ್ಟ್ ಟೈಮ್ ಪಿಎಚ್‌ಡಿ. ವಿಷಯ ಸಕಲೇಶಪುರ ತಾಲ್ಲೂಕಿನ ಕಾಫಿ ತೋಟಗಳಲ್ಲಿ ಕೂಲಿ ಮಾಡೋ ಹೆಂಗಸರ ಸಾಲ. ಎಂಎನಲ್ಲಿ ಸ್ಟ್ಯಾಟಿಸ್ಟಿಕ್ಸ್ ಒಂದು ಪೇಪರ್ ಇತ್ತು, ಮೀನ್ ಮೀಡಿಯನ್ ಮೋಡ್ ಬಾಯಿಪಾಠ ಹೊಡ್ದು ಪಾಸಾಗಿದ್ದೆ ಅಷ್ಟೆ. ಹಂಗಾಗಿ ಸಮಾಜ ವಿಜ್ಞಾನ ಸಂಶೋಧನೆಗೆ ನೆರವು ಕೊಡೋ ಕೇಂದ್ರದ ಮಂಡಳಿ ಐಸಿಎಸ್‌ಎಸ್‌ಆರ್ ದುಡ್ಡಲ್ಲಿ ನಡೆಯೋ ಹತ್ತು ದಿನದ ರಿಸರ್ಚ್ ಮೆಥಡಾಲಜಿ ಕೋರ್ಸು ಬೆಂಗಳೂರಲ್ಲಿ ಇದೆ ಅಂತ ಗೊತ್ತಾದಾಗ ತಕ್ಷಣ ಅರ್ಜಿ ಹಾಕ್ದೆ, ಸಿಕ್ತು. ತಪ್ಪು ಏನು ಮಾಡಿದ್ದೆ ಅಂದ್ರೆ, 384 ಹೆಂಗಸರ ಸರ್ವೆ ಎಲ್ಲ ಮುಗಿಸಿ ಆಮೇಲೆ ಕೋರ್ಸಿಗೆ ಹೋಗಿದ್ದೆ. ಮನೆ ಕಟ್ಟಿ ಆದ್ಮೇಲೆ ಪ್ಲಾನ್ ಬರೆಸೋಕೆ ಹೋದಂಗೆ.

ಈ 384 ಅನ್ನೋ ಲೆಕ್ಕ ಎಲ್ಲಿಂದ ಬಂತು ಅಂತ ಕೇಳಿದ್ರೆ ನಿಜ ಹೇಳ್ತೀನಿ, ಸೀನಿಯರ್ ಒಬ್ಬರ ಥೀಸಿಸ್ ನೋಡ್ಕೊಂಡು ಬರೆದಿದ್ದೆ. ಅವರೂ ಇನ್ಯಾರದ್ದೋ ನೋಡಿ ಬರೆದಿರ್ತಾರೆ ಬಿಡಿ. ಕೋರ್ಸಿನ ಎರಡನೇ ದಿನ ಸ್ಯಾಂಪ್ಲಿಂಗ್, ಅಂದ್ರೆ ಸರ್ವೆಗೆ ಜನರನ್ನ ಆರಿಸೋದು, ಹೇಳ್ಕೊಡೋ ಸರ್ ಎಷ್ಟು ಜನ ಬೇಕು ಅನ್ನೋ ಲೆಕ್ಕಕ್ಕೆ ಬೋರ್ಡ್ ಮೇಲೆ 1.96ರ ವರ್ಗ ಹಾಕಿ, 0.5 ಗುಣಿಸು 0.5 ಮಾಡಿ, 0.05ರ ವರ್ಗದಿಂದ ಭಾಗಿಸಿದ್ರು, 384.16 ಬಂತು. ಹಾಲ್‌ನಲ್ಲಿ ಅರ್ಧ ಜನ ಮುಖ ಮುಖ ನೋಡ್ಕೊಂಡ್ವಿ, ಪಿಎಚ್‌ಡಿ ಯೋಜನೆ ಬರೆದುಕೊಟ್ಟ ಎಲ್ಲರ ಸಿನಾಪ್ಸಿಸ್‌ನಲ್ಲೂ ಅದೇ ನಂಬರು! ಆಮೇಲೆ ಸರ್ ಹೇಳಿದ್ರು, ಇದು ಪೂರ್ತಿ ಪಟ್ಟಿಯಿಂದ ಚೀಟಿ ಎತ್ತಿದಂಗೆ ಜನರನ್ನ ಆರಿಸಿದಾಗ ಮಾತ್ರ ಸರಿ, ನೀವು ಗುಂಪು ಗುಂಪಾಗಿ ತಗೊಂಡಿದ್ರೆ ಬೇರೆ ಲೆಕ್ಕ ಅಂತ.

ನಾನು ತಗೊಂಡಿದ್ದು ಗುಂಪು ಗುಂಪಾಗೇ. 32 ಬೂತಿನ ವೋಟರ್ ಲಿಸ್ಟ್ ಡೌನ್‌ಲೋಡ್ ಮಾಡಿ ಒಂದೊಂದು ಬೂತಲ್ಲೂ ತೋಟದ ಕೆಲಸಕ್ಕೆ ಹೋಗೋ 12 ಹೆಂಗಸರು ಸಿಗೋವರೆಗೂ ಹುಡುಕಿದ್ದೆ. ಒಂದೇ ಲೈನ್ ಮನೆ (ತೋಟದಲ್ಲಿ ಕೂಲಿಯವರು ಇರೋ ಸಾಲುಮನೆ) ಸಾಲಿನವರಿಗೆ ಸಂಘ ಒಂದೇ, ಕಂತು ಕಟ್ಟೋ ವಾರ ಒಂದೇ, ಕೈಸಾಲ ಕೊಡೋ ರೈಟರ್ರೂ (ತೋಟದ ಲೆಕ್ಕ ಬರೆಯೋನು) ಒಬ್ಬನೇ, ಹಂಗಾಗಿ ಉತ್ತರಗಳೂ ಹೆಚ್ಚುಕಮ್ಮಿ ಒಂದೇ ಥರ. ಒಬ್ಬರನ್ನೊಬ್ಬರು ಹೋಲೋ ಪ್ರಮಾಣ 0.1 ಅಂತ ಇಟ್ಕೊಂಡ್ರೂ 1 ಪ್ಲಸ್ 11 (ಬೂತಿನ 12ರಲ್ಲಿ ಒಂದು ಕಮ್ಮಿ) ಇಂಟು 0.1 ಅಂದ್ರೆ 2.1, ಇದಕ್ಕೆ ಡಿಸೈನ್ ಎಫೆಕ್ಟ್ ಅಂತಾರೆ. 384ನ ಅದರಿಂದ ಭಾಗಿಸಿದ್ರೆ 183. ನಾಲ್ಕು ತಿಂಗಳು ಬಸ್ಸು, ಆಟೋ, ಜಾರು ರೋಡು ಅಂತ ಸುತ್ತಿ ತಂದ 384 ಫಾರ್ಮಿಗೆ, ಚೀಟಿ ಎತ್ತಿ ಆರಿಸಿದ 183 ಜನರಷ್ಟೇ ತೂಕ. ಅವತ್ತು ಮಧ್ಯಾಹ್ನ ಊಟ ಸೇರ್ಲಿಲ್ಲ ನಂಗೆ.

ಇದಕ್ಕಿಂತ ದೊಡ್ಡ ಪೆಟ್ಟು ಟೀ ಬ್ರೇಕಲ್ಲಿ ಬಿತ್ತು. ಸರ್ ಹತ್ರ ಹೋಗಿ ನನ್ನ ವೋಟರ್ ಲಿಸ್ಟ್ ಕಥೆ ಹೇಳ್ದೆ, ಅವರು ಒಂದೇ ಪ್ರಶ್ನೆ ಕೇಳಿದ್ರು, "ಈ ಪಟ್ಟಿಲಿ ಯಾರ್ಯಾರು ಇಲ್ಲ ಮೇಡಂ?" ಥಟ್ಟಂತ ಹೊಳೀತು. ಈಗ ತೋಟಗಳಲ್ಲಿ ಎಷ್ಟೋ ಲೈನ್ ಮನೆಗಳಲ್ಲಿ ಇರೋದು ಅಸ್ಸಾಂ ಕಡೆಯಿಂದ ಬಂದವರು, ಅವರ ವೋಟು ಇಲ್ಲಿಲ್ಲ, ಆದ್ದರಿಂದ ನನ್ನ ಸರ್ವೇಲಿ ಒಬ್ಬರೂ ಇಲ್ಲ. ಟೈಟಲ್ ಮಾತ್ರ "ಕಾಫಿ ತೋಟದ ಮಹಿಳಾ ಕಾರ್ಮಿಕರು".

ಅದೇ ಪ್ರಶ್ನೆ ಹಿಡ್ಕೊಂಡು ರಾತ್ರಿ ಹಾಸ್ಟೆಲ್‌ನಲ್ಲಿ ಫಾರ್ಮು ತಿರುವಿ ಹಾಕ್ದೆ. ಹೆತ್ತೂರು, ಯಸಳೂರು ಕಡೆಯ ಫಾರ್ಮುಗಳಲ್ಲಿ ವಯಸ್ಸು ನೋಡಿದ್ರೆ ಬರೀ 58, 63, 65. ಯಾಕಪ್ಪ ಅಂದ್ರೆ ಆ ಕಡೆ ಆನೆ ಕಾಟ, ಅರಣ್ಯ ಇಲಾಖೆಯೋರ ವಾಟ್ಸಾಪ್ ಮೆಸೇಜ್ ಬರ್ತಿತ್ತು ಇಂಥಾ ತೋಟದಲ್ಲಿ ಇಷ್ಟು ಆನೆ ಇದೆ ಅಂತ, ನಾನು ಮೂರೂವರೆಗೆಲ್ಲ ಬಸ್ ಹತ್ತಿಬಿಡ್ತಿದ್ದೆ, ಕೆಲಸಕ್ಕೆ ಹೋದವರು ಮನೆಗೆ ಬರೋದು ಅದಾದ್ಮೇಲೆ. ಹಗಲು ಮನೇಲಿ ಸಿಕ್ಕಿದವರು ಮೈ ಹುಷಾರಿಲ್ಲದವರು, ವಯಸ್ಸಾದವರು. ಆನೆ ನನ್ನ ಸ್ಯಾಂಪಲ್ ಆರಿಸಿಕೊಟ್ಟಿತ್ತು.

ಕೋರ್ಸಿನ ಬಗ್ಗೆ ಹೇಳ್ಬೇಕಂದ್ರೆ, ಮೂವತ್ತು ಜನ ಇದ್ವಿ, ಮೊದಲ ದಿನ ಅರ್ಧ ದೀಪ ಹಚ್ಚೋದ್ರಲ್ಲಿ, ಕೊನೇ ದಿನ ಅರ್ಧ ಸರ್ಟಿಫಿಕೇಟ್ ಫೋಟೋದಲ್ಲಿ ಹೋಯ್ತು. ಕೈ ಸ್ಕ್ವೇರ್, ಟಿ ಟೆಸ್ಟ್, ರಿಗ್ರೆಶನ್ ಅನ್ನೋ ಸ್ಟ್ಯಾಟಿಸ್ಟಿಕ್ಸ್ ಲೆಕ್ಕಗಳನ್ನೆಲ್ಲ ಮೂರು ದಿನದಲ್ಲಿ ಓಡಿಸಿಬಿಟ್ರು. ಎಲ್ಲರಿಗೂ ಈ ಲೆಕ್ಕ ಮಾಡಿಕೊಡೋ ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್ ಕಲೀಬೇಕು ಅನ್ನೋ ಆಸೆ, ಬಟನ್ ಒತ್ತಿದ್ರೆ ಟೇಬಲ್ ಬರುತ್ತಲ್ಲ. ಟ್ರಯಲ್ ಮುಗಿದ ಮೇಲೆ ಲೈಸೆನ್ಸಿಗೆ ಗೆಸ್ಟ್ ಲೆಕ್ಚರರ್ ಸಂಬಳ ಸಾಲಲ್ಲ ಸ್ವಾಮಿ, ನಾನೀಗ ಅದೇ ಥರದ ಜಮೋವಿ ಬಳಸ್ತೀನಿ, ಫ್ರೀ, ಒಳಗಡೆ ಓಡೋದು ಆರ್ ಅನ್ನೋ ಸ್ಟ್ಯಾಟಿಸ್ಟಿಕ್ಸ್ ಪ್ರೋಗ್ರಾಮು, ನಮ್ಮಂಥವರಿಗೆ ಧಾರಾಳ ಸಾಕು.

ಆದ್ರೆ ಲ್ಯಾಬಲ್ಲಿ ನನ್ನದೇ ಡೇಟಾ ಹಾಕಿದ್ದಕ್ಕೆ ಒಂದು ಉಪಕಾರ ಆಯ್ತು. ಅವರು ಕೊಟ್ಟ ಪ್ರಾಕ್ಟೀಸ್ ಫೈಲ್ ನೀಟಾಗಿರುತ್ತೆ, ಅದರಲ್ಲಿ ತಪ್ಪೇ ಸಿಗಲ್ಲ. ನನ್ನ ಫೈಲಲ್ಲಿ ಓದಿದ ವರ್ಷದ ಸರಾಸರಿ 12.8 ಬಂತು! ಲೈನ್ ಮನೆ ಹೆಂಗಸರೆಲ್ಲ ಪಿಯುಸಿ ದಾಟಿದವರು ಅಂತ ಪಕ್ಕದವರು ನಕ್ಕಿದ್ದೇ ನಕ್ಕಿದ್ದು. ನೋಡಿದ್ರೆ, ಉತ್ತರ ಹೇಳದವರಿಗೆ 99 ಅಂತ ಕೋಡ್ ಹಾಕಿದ್ದೆ, ಅದನ್ನ ಮಿಸ್ಸಿಂಗ್, ಅಂದ್ರೆ ಲೆಕ್ಕಕ್ಕೆ ಸೇರಿಸ್ಬೇಡ ಅಂತ ಸಾಫ್ಟ್‌ವೇರಿಗೆ ಹೇಳಿರ್ಲಿಲ್ಲ. 31 ಜನ ತಲಾ 99 ವರ್ಷ ಓದಿಬಿಟ್ಟಿದ್ರು. ಅದು ತೆಗೆದ್ರೆ 5.2. ಸಾಲದ ಕಾಲಮ್ಮಲ್ಲಿ ಇದೇ ತಪ್ಪಾಗಿದ್ರೆ ಗೊತ್ತೇ ಆಗ್ತಿರ್ಲಿಲ್ಲ ನೋಡಿ, ಸಾವಿರಗಳ ಮಧ್ಯೆ 99 ಸುಮ್ನೆ ಕೂತಿರೋದು.

ಪ್ರಶ್ನಾವಳಿ ಬಗ್ಗೆ ಒಂದೇ ಒಂದು ಸೆಶನ್ ಇತ್ತು, ನನ್ನ ಕೇಳಿದ್ರೆ ಮೂರು ದಿನ ಅದಕ್ಕೇ ಕೊಡ್ಬೇಕು. ಇಂಗ್ಲಿಷ್ ಸ್ಕೇಲನ್ನ ಹಂಗೇ ಕನ್ನಡಕ್ಕೆ ಇಳಿಸಿದ್ದೆ, "ಬಲವಾಗಿ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ" ಅಂತ. ಹಾನುಬಾಳು ಹತ್ರ ಒಬ್ಬ ಅಜ್ಜಿ, "ತಟಸ್ತ ಅಂದ್ರೆ ಏನವ್ವಾ, ನಿಂಗೆ ಯಾವ್ದು ಬೇಕೋ ಅದ್ನೇ ಬರ್ಕೋ, ಒಲೆ ಮೇಲೆ ಅನ್ನ ಇಟ್ಟಿದೀನಿ" ಅಂದಿದ್ರು. ನಾನು 3ಕ್ಕೆ ಟಿಕ್ ಹಾಕಿ ಬಂದಿದ್ದೆ. ಆ ಅನ್ನದ ಗಡಿಬಿಡೀನೇ ನನ್ನ ಡೇಟಾದಲ್ಲಿ ತಟಸ್ಥ ನಿಲುವು.

ವಾಪಸ್ ಬಂದ್ಮೇಲೆ ಹಳೇದನ್ನ ಎಸೀಲಿಲ್ಲ, ಅದನ್ನ ಪ್ರಾಯೋಗಿಕ ಸುತ್ತು ಅಂತ ಮಾಡ್ಕೊಂಡು ಇನ್ನೊಂದು ಸುತ್ತು ಶುರು ಮಾಡ್ದೆ. ಈ ಸಲ ಮೊದಲು ತೋಟಗಳ ಪಟ್ಟಿ, ಪ್ರತಿ ತೋಟದ ರೈಟರ್ ಹತ್ರ ಎಷ್ಟು ಲೈನ್ ಮನೇಲಿ ಜನ ಇದಾರೆ ಅಂತ ಕೇಳಿ, ಮನೆ ಜಾಸ್ತಿ ಇರೋ ತೋಟಕ್ಕೆ ಆಯ್ಕೆ ಆಗೋ ಅವಕಾಶ ಜಾಸ್ತಿ ಬರೋ ಹಂಗೆ ಆರಿಸ್ದೆ. ಒಂದೇ ಥರದ ಉತ್ತರ ಕಮ್ಮಿ ಆಗ್ಲಿ ಅಂತ ತೋಟ ಜಾಸ್ತಿ, ಒಂದೊಂದರಲ್ಲಿ ಐದೇ ಜನ. ಹೋಗೋದು ಭಾನುವಾರ ಬೆಳಿಗ್ಗೆ, ಅವತ್ತು ಸಂತೆಗೆ ಹೊರಡೋ ಮೊದಲು ಎಲ್ಲ ಮನೇಲಿರ್ತಾರೆ. ಬಾಗಿಲು ಹಾಕಿರೋ ಮನೆ ಬಿಟ್ಟು ಪಕ್ಕದ ಮನೆಗೆ ಹೋಗೋದು ನಿಲ್ಲಿಸ್ದೆ, ಮೂರು ಸಲ ವಾಪಸ್ ಹೋಗ್ತೀನಿ, ಆಮೇಲೂ ಸಿಗದಿದ್ರೆ ಸಿಗಲಿಲ್ಲ ಅಂತಾನೇ ಬರೀತೀನಿ. ಅಸ್ಸಾಂ ಕಡೆಯವರ ಹತ್ರ ಮಾತಾಡೋಕೆ ಅಲ್ಲೇ ಇರೋ, ಕನ್ನಡ ಕಲಿತ ಹುಡುಗಿ ಒಬ್ಬಳನ್ನ ಕರ್ಕೊಂಡು ಹೋಗ್ತೀನಿ, ಅವಳಿಗೆ ದಿನಗೂಲಿ ಲೆಕ್ಕ. ಫಾರ್ಮು ಪೇಪರ್ ಅಲ್ಲ, ಮೊಬೈಲಲ್ಲಿ ಸರ್ವೆ ತುಂಬೋ ಆ್ಯಪ್ ಕೋಬೋ ಟೂಲ್‌ಬಾಕ್ಸ್, ನೆಟ್‌ವರ್ಕ್ ಇಲ್ದಿದ್ರೂ ತುಂಬುತ್ತೆ, ವಯಸ್ಸು 250 ಅಂತ ಒತ್ತಿದ್ರೆ ಒಪ್ಪದ ಹಂಗೆ ಮೊದಲೇ ಸೆಟ್ ಮಾಡಿಟ್ಟಿದೀನಿ.

ಸ್ಕೇಲಿಗೆ ಈಗ ಐದು ಕಾಫಿ ಬೀಜ ಅಂಗೈಲಿಟ್ಟು ಕೊಡ್ತೀನಿ, "ಸಾಲದ ಚಿಂತೆ ಎಷ್ಟಿದೆಯೋ ಅಷ್ಟು ಬೀಜ ಈ ತಟ್ಟೆಗೆ ಹಾಕಕ್ಕ" ಅಂತ. ತುಂಬಾ ಜನ ತಕ್ಷಣ ಹಾಕ್ತಾರೆ. ಒಬ್ಬಳು ಐದೂ ಹಾಕಿ, ಇನ್ನೂ ಇದ್ರೆ ಕೊಡಿ ಅಂದ್ಲು.

ಇವತ್ತಿಗೆ 140 ಮನೆ ಆಗಿದೆ. ಸಿನಾಪ್ಸಿಸ್‌ನಲ್ಲಿ ಮಾತ್ರ ಇನ್ನೂ 384 ಅಂತಾನೇ ಇದೆ, ತಿದ್ದುಪಡಿಗೆ ಅರ್ಜಿ ಕೊಟ್ಟು ಕೂತಿದೀನಿ, ಕಮಿಟಿ ಮೀಟಿಂಗ್ ಎರಡು ಸಲ ಮುಂದಕ್ಕೆ ಹೋಯ್ತು.