ಗ್ರ್ಯಾಂಟ್‌ಚೆಸ್ಟರ್‌ನಲ್ಲಿ ಇಲ್ಲದ ಕೋಟೆ

ಇಂಗ್ಲೆಂಡಿನ ಊರಿನ ಹೆಸರು ‘ಚೆಸ್ಟರ್’ ಎಂದು ಮುಗಿದರೆ ಅಲ್ಲೊಂದು ರೋಮನ್ ಕೋಟೆ ಇದ್ದಿರಬೇಕು ಎಂದು ಎಲ್ಲೋ ಓದಿದ್ದೆ. ಆ ಧೈರ್ಯದಲ್ಲೇ, ಕೇಂಬ್ರಿಜ್‌ಗೆ ಬಂದ ನೆಂಟರನ್ನು ನದಿಯ ದಂಡೆ ಹಿಡಿದು ಪಕ್ಕದ ಗ್ರ್ಯಾಂಟ್‌ಚೆಸ್ಟರ್‌ಗೆ ಕರೆದೊಯ್ದಾಗಲೆಲ್ಲ ‘ಗ್ರ್ಯಾಂಟಾ ನದಿಯ ಕೋಟೆ’ ಎಂದು ವಿವರಿಸುತ್ತಿದ್ದೆ. ಒಮ್ಮೆ ಅಕ್ಕನ ಮಗಳು “ಕೋಟೆ ಎಲ್ಲಿ ಮಾಮ?” ಎಂದಳು. ತೋರಿಸಲು ಒಂದು ಕಲ್ಲೂ ಇರಲಿಲ್ಲ.

ಅಂದಿನಿಂದ ಹಳೆಯ ಕಾಗುಣಿತಗಳ ಬೆನ್ನು ಹತ್ತಿದೆ. ಊರಿಗೊಂದು ರಟ್ಟಿನ ಚೀಟಿ. ಎಡಕ್ಕೆ ಇಸವಿ, ಬಲಕ್ಕೆ ದಾಖಲೆಯಲ್ಲಿದ್ದ ಹೆಸರು, ಒಂದಕ್ಷರವನ್ನೂ ತಿದ್ದದೆ. ಗ್ರ್ಯಾಂಟ್‌ಚೆಸ್ಟರ್‌ನ ಚೀಟಿಯಲ್ಲಿ ಮೊದಲ ಸಾಲಿಗೇ ನನ್ನ ಕೋಟೆ ಕುಸಿಯಿತು. 1086ರ ಡೂಮ್ಸ್‌ಡೇ ದಾಖಲೆಯಲ್ಲಿ, ಅಂದರೆ ಫ್ರಾನ್ಸಿನಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ಮಾಡಿಸಿದ ಜಮೀನಿನ ಲೆಕ್ಕದಲ್ಲಿ, ಇರುವುದು ‘ಗ್ರಾಂಟೆಸೆಟೆ’. ಆ ‘ಸೆಟೆ’ ಹಳೆಯ ಇಂಗ್ಲಿಷಿನಲ್ಲಿ ನೆಲೆಸಿದವರಿಗೆ ಇದ್ದ ಮಾತು. ಗ್ರ್ಯಾಂಟಾ ದಂಡೆಯ ಒಕ್ಕಲು, ಅಷ್ಟೇ. ಬೆಂಗಳೂರಿಗೆ ಬೆಂದ ಕಾಳು ಅಂಟಿಕೊಂಡಂತೆ ಇದಕ್ಕೆ ಚೆಸ್ಟರ್ ಆಮೇಲೆ ಅಂಟಿಕೊಂಡಿತು.

ಸೋಲೊಪ್ಪಲು ಮನಸ್ಸಾಗಲಿಲ್ಲ. 731ರಲ್ಲಿ ಇಂಗ್ಲಿಷ್ ಜನರ ಚರ್ಚಿನ ಚರಿತ್ರೆಯನ್ನು ಬರೆದು ಮುಗಿಸಿದ ಬೀಡ್ ಎಂಬ ಸನ್ಯಾಸಿ ‘ಗ್ರಾಂಟಕೆಸ್ಟಿರ್’ ಎಂಬ ಪಾಳು ಪಟ್ಟಣವನ್ನು ಹೆಸರಿಸುತ್ತಾನೆ. ಈಲಿ ಮಠದವರು ದೋಣಿಯಲ್ಲಿ ಬಂದು ಅದರ ಗೋಡೆಯ ಬಳಿ ಬಿಳಿ ಅಮೃತಶಿಲೆಯ ಶವಪೆಟ್ಟಿಗೆಯನ್ನು ಕಂಡರಂತೆ. ಸಿಕ್ಕಿತು ಎಂದು ಹಿಗ್ಗಿದೆ. ಆದರೆ ವಿದ್ವಾಂಸರು ಅದನ್ನು ಗುರುತಿಸುವುದು ಕೇಂಬ್ರಿಜ್ ಎಂದೇ! ಆ ಕೇಂಬ್ರಿಜ್ ಕೂಡ ಮೊದಲು ‘ಗ್ರಾಂಟೆಬ್ರಿಜ್’, ಗ್ರ್ಯಾಂಟಾದ ಸೇತುವೆ. ಊರಿನ ಹೆಸರು ಬದಲಾದ ಮೇಲೆ ಅದರಿಂದಲೇ ನದಿಗೆ ‘ಕ್ಯಾಮ್’ ಎಂಬ ಹೆಸರು ಬಂತು. ನದಿಯಿಂದ ಊರಿಗೆ ಹೆಸರು ಬರುತ್ತದೆ ಎಂದು ನಂಬಿದವನಿಗೆ ಇದನ್ನು ಅರಗಿಸಿಕೊಳ್ಳಲು ಒಂದು ವಾರ ಬೇಕಾಯಿತು.

ಆಮೇಲೆ ಚೀಟಿಯಲ್ಲಿ ಇನ್ನೊಂದು ಕಲಂ ಎಳೆದೆ: ಬರೆದವರು ಯಾರು? ಅದರ ಬೆಲೆ ತಿಳಿದದ್ದು ಶೆಪ್ರೆತ್ ಎಂಬ ಹಳ್ಳಿಯಿಂದ. ಡೂಮ್ಸ್‌ಡೇಯಲ್ಲಿ ಅದು ‘ಎಸ್ಕೆಪ್ರಿಡ್’. ಮೊದಲು ಬೇರೆ ಊರೇ ಇರಬೇಕೆಂದುಕೊಂಡೆ. ಬರೆದವರು ನಾರ್ಮನ್ ಫ್ರೆಂಚಿನ ರೂಢಿಯವರು. ಸ್ಕೂಲನ್ನು ನಮ್ಮಜ್ಜಿ ‘ಇಸ್ಕೂಲು’ ಎಂದಂತೆ, ಸಕಾರದ ಒತ್ತಕ್ಷರದ ಮುಂದೆ ಅವರ ನಾಲಗೆಗೆ ಒಂದು ‘ಎ’ ಬೇಕು. ಇಂಗ್ಲಿಷಿನ ‘ತ್’ ಅವರ ಕೈಯಲ್ಲಿ ‘ಡ್’ ಆಗುತ್ತದೆ. ಆ ಎರಡನ್ನೂ ಕಳೆದರೆ ಉಳಿಯುವುದು ಹಳೆಯ ಇಂಗ್ಲಿಷಿನಲ್ಲಿ ಕುರಿ ಮತ್ತು ಹಳ್ಳ ಎಂಬ ಎರಡು ಮಾತು: ಕುರಿಹಳ್ಳ.

ರೈಲು ಹಿಡಿದು ಹೋಗಿ ನೋಡಿದೆ. ಹಳ್ಳ ಹರಿಯುತ್ತಿತ್ತು. ಕುರಿ ಒಂದೂ ಕಾಣಲಿಲ್ಲ.